ಪ್ಲಾಸ್ಮಾದಲ್ಲಿ ನ್ಯಾನೋಕಣಗಳು: ನಿಮ್ಮ ಪ್ರಶ್ನೆಗೆ ಉತ್ತರ

ನಮಸ್ಕಾರ. ಸಾವಿರಾರು ಡಿಗ್ರಿ ಬಿಸಿಯಿರುವ ಪ್ಲಾಸ್ಮಾದಲ್ಲಿ, ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟ ಅನಿಲದಲ್ಲಿ, ನ್ಯಾನೋಕಣಗಳು (ಕೆಲವೇ ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲಿನಷ್ಟು ಗಾತ್ರದ ಕಣಗಳು) ಕರಗಿ ಒಂದಕ್ಕೊಂದು ಅಂಟಿಕೊಳ್ಳದೆ ಹೇಗೆ ಉಳಿಯುತ್ತವೆ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರಿಗೆ ಈ ಕ್ಷೇತ್ರದಲ್ಲಿ ಅವಕಾಶವಿದೆಯೇ ಎಂದು ಕೇಳಿದ್ದೀರಿ.

ಎರಡನೆಯದಕ್ಕೆ ಉತ್ತರ, ಖಂಡಿತ ಇದೆ. ಇದೇ ಕ್ಷೇತ್ರದ ಸಂಶೋಧಕ, ಜರ್ಮನಿಯ ಬೋಖುಮ್‌ನಲ್ಲಿ ಭೌತಶಾಸ್ತ್ರ ಓದಿದ ಊವೆ ಕೊರ್ಟ್ಸ್‌ಹಾಗನ್ ಅವರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿಯೇ.

ಮೊದಲನೆಯ ಪ್ರಶ್ನೆಗೆ ಅವರ ತಂಡ 2005ರಲ್ಲಿ ಪ್ರಕಟಿಸಿದ ಪ್ರಯೋಗವೇ ಒಳ್ಳೆಯ ಉತ್ತರ. ಕಡಿಮೆ ಒತ್ತಡದಲ್ಲಿ ಆರ್ಗಾನ್ ಮತ್ತು ಸೈಲೇನ್ (ಸಿಲಿಕಾನ್ ಮತ್ತು ಜಲಜನಕದ ಸಂಯುಕ್ತ) ಅನಿಲಗಳನ್ನು ಒಂದು ಸಣ್ಣ ಕೊಳವೆಯೊಳಗೆ ಹರಿಸಿ, ಹೊರಗೆ ಸುತ್ತಿದ ಲೋಹದ ಉಂಗುರಗಳ ಮೂಲಕ ರೇಡಿಯೋ ಆವರ್ತನದ ವಿದ್ಯುತ್ ಕೊಟ್ಟರೆ ಕೊಳವೆ ಬೆಳಗುತ್ತದೆ. ಆಗ ಎಲೆಕ್ಟ್ರಾನುಗಳ ತಾಪ ಹತ್ತಾರು ಸಾವಿರ ಡಿಗ್ರಿ ತಲುಪಿದರೂ ಅನಿಲ ಅಷ್ಟೇನೂ ಬಿಸಿಯಾಗುವುದಿಲ್ಲ. ಕೆಲವೇ ಮಿಲಿಸೆಕೆಂಡುಗಳಲ್ಲಿ ಹುಟ್ಟುವ ಸಿಲಿಕಾನ್ ಕಣಗಳು ಬಹುಪಾಲು ಋಣ ವಿದ್ಯುದಾವೇಶ ಪಡೆದು ಪರಸ್ಪರ ವಿಕರ್ಷಿಸುವುದರಿಂದ ಗಂಟುಕಟ್ಟುವುದಿಲ್ಲ. ನನಗೆ ಇಂದಿಗೂ ಅತ್ಯಂತ ಸುಂದರವೆನಿಸುವ ಸಂಗತಿ ಇನ್ನೊಂದಿದೆ: ಕಣದ ಮೇಲ್ಮೈಯಲ್ಲಿ ಎಲೆಕ್ಟ್ರಾನುಗಳು ಮತ್ತು ಎಲೆಕ್ಟ್ರಾನು ಕಳೆದುಕೊಂಡ ಪರಮಾಣುಗಳಾದ ಅಯಾನುಗಳು ಮರುಸೇರುವಾಗ ಹೊರಬರುವ ಶಕ್ತಿಯಿಂದ ಕಣ ಮಾತ್ರ ಸುತ್ತಲಿನ ಅನಿಲಕ್ಕಿಂತ ನೂರಾರು ಡಿಗ್ರಿ ಹೆಚ್ಚು ಕಾಯ್ದು, ಸ್ಫಟಿಕ ರೂಪ ತಾಳುತ್ತದೆ. ಸುಮಾರು 5 ನ್ಯಾನೋಮೀಟರಿಗಿಂತ ಚಿಕ್ಕದಾದ ಈ ಕಣಗಳ ಮೇಲ್ಮೈಗೆ ಸೂಕ್ತ ಸಾವಯವ ಲೇಪ ಕೊಟ್ಟು ದ್ರಾವಣದಲ್ಲಿ ಬೆರೆಸಿ, ನೇರಳಾತೀತ ಬೆಳಕು ಹಾಯಿಸಿದರೆ ಸೀಸೆಯಿಡೀ ಕೆಂಪಾಗಿ ಹೊಳೆಯುತ್ತದೆ.

ಅನಿಲ ಹರಿವು, ಶಾಖ ವರ್ಗಾವಣೆ, ನಿರ್ವಾತ ವ್ಯವಸ್ಥೆ ಈ ಮೂರನ್ನು ಗಟ್ಟಿಯಾಗಿ ಕಲಿತುಕೊಳ್ಳಿ. ಪ್ಲಾಸ್ಮಾ ಭೌತಶಾಸ್ತ್ರವನ್ನು ಸ್ನಾತಕೋತ್ತರ ಹಂತದಲ್ಲಿ ಹಿಡಿದರೂ ತಡವಾಗುವುದಿಲ್ಲ.