ಚೌಕ, ತ್ರಿಕೋನಗಳಲ್ಲಿ ನಗರ ಬಿಡಿಸುವಾಗ ಬೆಳಕು ತರುವುದು ಹೇಗೆ?

ಅಕ್ರಿಲಿಕ್‌ನಲ್ಲಿ ಕಟ್ಟಡಗಳನ್ನು ಚೌಕ, ತ್ರಿಕೋನಗಳಾಗಿ ಒಡೆದು ಪದರದ ಮೇಲೆ ಪದರ ಹಾಕುತ್ತಿದ್ದೀರಿ, ಆದರೆ ಬೆಳಕಿಗೆಂದು ಬಿಳಿ ಸೇರಿಸಿದಷ್ಟೂ ಸುಣ್ಣ ಬಳಿದ ಹಾಗೆ ಕಾಣುತ್ತದೆ ಅಂತ ಕೇಳಿದ್ದೀರಿ. ನಾನು ಇಂಥ ಚಿತ್ರಗಳನ್ನೇ ಜಾಸ್ತಿ ಬಿಡಿಸುವವನು. ಬೆಳಕನ್ನು ಕೊನೆಗೆ ಹಚ್ಚಲು ಹೋಗಬೇಡಿ, ಮೊದಲೇ ಉಳಿಸಿಕೊಳ್ಳಿ.

ಪೆನ್ಸಿಲ್‌ನಲ್ಲಿ ಅಂಗೈಯಗಲದ ಒಂದು ಕರಡು ಮಾಡಿ. ಕಪ್ಪು, ಬೂದು, ಬಿಳಿ, ಇಷ್ಟೇ ಸಾಕು. ಬಿಳಿ ಒಂದೇ ಕಡೆ, ಚಿಕ್ಕದಾಗಿ ಇರಲಿ. ಸುತ್ತ ಗಾಢವಾದಷ್ಟೂ ಅದು ಹೊಳೆಯುತ್ತದೆ. ಎಲ್ಲ ಕಿಟಕಿಗೂ ದೀಪ ಹಚ್ಚಲು ಹೊರಟರೆ ಯಾವುದೂ ಉರಿಯುವುದಿಲ್ಲ!

ಇನ್ನು ಪದರಗಳು. ಟ್ಯೂಬಿನ ಮೇಲೆ ಪಾರದರ್ಶಕ ಅಂತ ಗುರುತಿರುವ ಬಣ್ಣಗಳನ್ನೇ ಆರಿಸಿ. ಥಾಲೋ ನೀಲಿ, ಕ್ವಿನಾಕ್ರಿಡೋನ್ ಕೆಂಪು ಇಂಥವು. ಕ್ಯಾಡ್ಮಿಯಂ ಬಣ್ಣಗಳು, ಟೈಟಾನಿಯಂ ಬಿಳಿ ಕೆಳಗಿನದನ್ನೆಲ್ಲ ಮುಚ್ಚಿಬಿಡುತ್ತವೆ. ಸುಮ್ನೆ ನೀರು ಸುರಿಯದೆ, ಬಣ್ಣವನ್ನು ತೆಳುವಾಗಿ ಪಾರದರ್ಶಕ ಮಾಡುವ ಗ್ಲೇಜಿಂಗ್ ಮೀಡಿಯಂ ಎಂಬ ದ್ರವ ಬೆರೆಸಿ ತೆಳ್ಳಗೆ ಎಳೆಯಿರಿ. ಬೆಳಕು ಆ ತೆಳು ಪದರವನ್ನು ದಾಟಿ, ಕೆಳಗಿನ ಬಿಳಿ ಜೆಸ್ಸೋಗೆ (ಎಲ್ಲಕ್ಕಿಂತ ಮೊದಲು ಬಳಿಯುವ ತಳದ ಲೇಪ) ಬಡಿದು ವಾಪಸ್ ಬರುತ್ತದೆ. ಒಳಗಿಂದ ಹೊಳೆದಂತೆ ಕಾಣುವುದು ಅದಕ್ಕೇ. ಹಳದಿ ಗೋಪುರ ಪೂರ್ತಿ ಒಣಗಿದ ಮೇಲೆ ಅದರ ಅಂಚನ್ನು ದಾಟುವಂತೆ ನೀಲಿಯ ಆಯತ ಎಳೆಯಿರಿ. ಎರಡೂ ಕೂಡಿದ ಕಡೆ ಹಸಿರು ತುಂಡೊಂದು ತಾನಾಗಿ ಹುಟ್ಟುತ್ತದೆ, ಕಣ್ಣಿಗೆ ಗಾಜಿನಂತೆ ತೋರುತ್ತದೆ. ಇಡೀ ಆಟ ಇರುವುದು ಇಂಥ ತುಂಡುಗಳಲ್ಲಿ.

ಅಂಚು ಚೂಪಾಗಿ ಬರಬೇಕಾದರೆ ಮಾಸ್ಕಿಂಗ್ ಟೇಪ್ ಒತ್ತಿ, ಅದರ ಅಂಚಿಗೆ ಮೊದಲು ಬರೀ ಮೀಡಿಯಂ ಸವರಿ. ಅದು ಒಣಗಿದ ಮೇಲೆ ಬಣ್ಣ ಹಾಕಿದರೆ ಟೇಪಿನ ಅಡಿಗೆ ನುಸುಳುವುದಿಲ್ಲ. ಆದರೆ ಎಲ್ಲ ಅಂಚನ್ನೂ ಹೀಗೆ ಮಾಡಿದರೆ ನಕ್ಷೆಯಾಗುತ್ತದೆ, ನಗರ ಆಗುವುದಿಲ್ಲ. ಕೆಲವು ಕಟ್ಟಡ ಪಕ್ಕದ್ದರಲ್ಲಿ ಕರಗಲಿ ಬಿಡಿ. ಫ್ರೆಂಚ್ ಚಿತ್ರಕಾರ ರಾಬರ್ಟ್ ಡೆಲೋನೆ 1912ರಲ್ಲಿ ಬಿಡಿಸಿದ ಕಿಟಕಿ ಚಿತ್ರಗಳನ್ನು ಒಮ್ಮೆ ನೋಡಿ. ಐಫೆಲ್ ಗೋಪುರದಂಥ ಗೋಪುರವೂ ಬಣ್ಣದ ತುಂಡುಗಳ ನಡುವೆ ಹುಡುಕಿದರಷ್ಟೇ ಸಿಗುತ್ತದೆ.

ಈಗಾಗಲೇ ಸುಣ್ಣದಂತಾದ ಚಿತ್ರವನ್ನು ಎಸೆಯಬೇಡಿ. ಆ ಬಿಳಿ ಚೆನ್ನಾಗಿ ಒಣಗಿದ್ದರೆ ಅದೇ ಹೊಸ ತಳ ಅಂದುಕೊಳ್ಳಿ. ಮೇಲೆ ಪಾರದರ್ಶಕ ಹಳದಿಯ ಒಂದು ತೆಳು ಕೋಟ್ ಕೊಡಿ, ಪಕ್ಕದ ಆಕಾರಗಳನ್ನು ತಣ್ಣನೆಯ ನೀಲಿ, ನೇರಳೆಯಿಂದ ಇನ್ನೊಂದು ಮಟ್ಟ ಗಾಢ ಮಾಡಿ. ಅಕ್ರಿಲಿಕ್ ಒಣಗಿದಾಗ ಸ್ವಲ್ಪ ಗಾಢವಾಗುತ್ತದೆ, ಹಾಗಾಗಿ ರದ್ದಿ ಕಾಗದದ ಮೇಲೆ ಒಣಗಿಸಿ ನೋಡಿಕೊಂಡೇ ಕೈಹಾಕಿ.