ಹಳೆ ಆಟ, ಹಳೆ ಯಂತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಎಂಬತ್ತರ ದಶಕದ ವಿಡಿಯೊ ಆಟಗಳನ್ನು ಅದೇ ಕಾಲದ ಮನೆ ಕಂಪ್ಯೂಟರುಗಳಿಗೆ ಹೊಸದಾಗಿ ಪೋರ್ಟ್ ಮಾಡುವ (ಒಂದು ಯಂತ್ರದ ಆಟವನ್ನು ಇನ್ನೊಂದಕ್ಕೆ ಹೊಂದುವಂತೆ ಬರೆಯುವ) ಬಗ್ಗೆ ಬಂದ ಪ್ರಶ್ನೆಗಳು ಈ ಸಲ. ಮೆಮೊರಿ ವಿಳಾಸಗಳನ್ನೆಲ್ಲ ದಶಮಾನ ಸಂಖ್ಯೆಯಲ್ಲೇ ಕೊಟ್ಟಿದ್ದೇವೆ.

ಪ್ರಶ್ನೆ: ಆಟ ಮಾಡಿದ ಕಂಪನಿ ಮುಚ್ಚಿ ಇಪ್ಪತ್ತು ವರ್ಷವಾಯಿತು. ಆಟ ಎಲ್ಲೂ ಮಾರಾಟಕ್ಕಿಲ್ಲ. ಅದನ್ನು ಕಮೋಡೋರ್ 64ಕ್ಕೆ ನಾನೇ ಬರೆದು ನೂರು ಕ್ಯಾಸೆಟ್ ಮಾರಿದರೆ ಕೇಳುವವರು ಯಾರಿದ್ದಾರೆ? (ಮೈಸೂರು)

ಉತ್ತರ: ಇದ್ದಾರೆ. ಅಂಗಡಿ ಬಾಗಿಲು ಹಾಕಿದರೂ ಜಾಗದ ಪತ್ರ ಯಾರದೋ ಹೆಸರಿನಲ್ಲಿ ಇದ್ದೇ ಇರುತ್ತದೆ. ಜಪಾನಿನ ಡೇಟಾ ಈಸ್ಟ್ 2003ರಲ್ಲಿ ದಿವಾಳಿಯಾಯಿತು. ಮರುವರ್ಷವೇ ಅದರ ಬಹುಪಾಲು ಆಟಗಳ ಹಕ್ಕು ಜಿ-ಮೋಡ್ ಎಂಬ ಕಂಪನಿಯ ಕೈ ಸೇರಿತು. ನಮ್ಮ ಕಾನೂನಿನಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ, ಬರೆದವರ ಜೀವಿತಾವಧಿ ಮುಗಿದ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಅಮೆರಿಕದಲ್ಲಿ ಕಂಪನಿ ತನ್ನ ನೌಕರರಿಂದ ಬರೆಸಿದ ಕೃತಿಗೆ ಪ್ರಕಟವಾದ ದಿನದಿಂದ 95 ವರ್ಷ. ‘ಅಬಂಡನ್‌ವೇರ್’ (ಮಾಲೀಕರು ಕೈಬಿಟ್ಟ ಸಾಫ್ಟ್‌ವೇರ್) ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ಏಳು ವರ್ಷ ಕೂತು ಮಾಡಿದ ಸೂಪರ್ ಮಾರಿಯೋ ಬ್ರದರ್ಸ್‌ನ ಕಮೋಡೋರ್ 64 ಪೋರ್ಟ್ 2019ರ ಏಪ್ರಿಲ್‌ನಲ್ಲಿ ಹೊರಬಂತು. ಕೆಲವೇ ದಿನಗಳಲ್ಲಿ ನಿಂಟೆಂಡೊ ದೂರು ಕೊಟ್ಟು ತೆಗೆಸಿತು. ಅಷ್ಟು ಒಳ್ಳೆಯ ಕೆಲಸ ಹಾಗೆ ಮರೆಯಾದದ್ದು ನಿಜಕ್ಕೂ ಸಂಕಟದ ವಿಷಯ. ಅದೇ ಯಂತ್ರಕ್ಕೆ ಕ್ಯಾನಬಾಲ್ಟ್ ಆಟ ಮೂಲ ಕರ್ತೃವಿನ ಒಪ್ಪಿಗೆಯೊಂದಿಗೆ ಕಾರ್ಟ್ರಿಡ್ಜ್ ಆಗಿ ಬಂತು, ಜನ ಕೊಂಡರು, ಯಾರ ತಕರಾರೂ ಇರಲಿಲ್ಲ. ಆದ್ದರಿಂದ ಕೋಡ್‌ನ ಮೊದಲ ಸಾಲಿಗಿಂತ ಮುಂಚೆ ಒಪ್ಪಿಗೆಯ ಪತ್ರ ಕೇಳಿ.

ಹಕ್ಕುದಾರರನ್ನು ಹುಡುಕುವಾಗ ಮೂರು ಎಳೆಗಳನ್ನು ಬೇರೆಬೇರೆಯಾಗಿ ಹಿಡಿಯಬೇಕು: ಪ್ರೋಗ್ರಾಂ ಮತ್ತು ಚಿತ್ರಗಳು, ಸಂಗೀತ, ಹೆಸರು. ಮೊದಲೆರಡು ಕಾಪಿರೈಟ್, ಮೂರನೆಯದು ಟ್ರೇಡ್‌ಮಾರ್ಕ್. ಪ್ರೋಗ್ರಾಮರ್ ಒಬ್ಬರು ‘ಮಾಡಿಕೊಳ್ಳಿ’ ಎಂದರೆ ಸಾಲದು. ಪ್ರಿನ್ಸ್ ಆಫ್ ಪರ್ಷಿಯಾ ಬರೆದ ಜೋರ್ಡನ್ ಮೆಕ್ನರ್ 2012ರಲ್ಲಿ ಆಪಲ್ 2ರ ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟರು. ಓದಿ, ತಿದ್ದಿ, ಓಡಿಸಿ ನೋಡಿ, ಆದರೆ ಆ ಹೆಸರಿನ ಆಟ ಮಾಡಿ ಹಂಚುವ ಹಕ್ಕು ಯೂಬಿಸಾಫ್ಟ್‌ಗೆ ಮಾತ್ರ ಎಂದು ಜೊತೆಯಲ್ಲೇ ಬರೆದಿಟ್ಟಿದ್ದಾರೆ.

ಪ್ರಶ್ನೆ: ಹೆಸರು ಮತ್ತು ಚಿತ್ರ ಬದಲಿಸಿದರೆ ಲೈಸೆನ್ಸ್ ಬೇಡ ಅಲ್ಲವೇ? (ದಾವಣಗೆರೆ)

ಉತ್ತರ: ಎಷ್ಟು ಬದಲಿಸಿದ್ದೀರಿ ಎನ್ನುವುದರ ಮೇಲೆ ಹೋಗುತ್ತದೆ. ಆಟದ ನಿಯಮ ಯಾರ ಸ್ವತ್ತೂ ಅಲ್ಲ. ಅದನ್ನು ತೆರೆಯ ಮೇಲೆ ತೋರಿಸಿದ ರೀತಿಗೆ ಹಕ್ಕಿದೆ. ಕರಾಟೆ ಚಾಂಪ್ ಆಟವನ್ನು ನಕಲು ಮಾಡಿದ್ದಾರೆ ಎಂದು ಡೇಟಾ ಈಸ್ಟ್ ಎಪಿಕ್ಸ್ ಕಂಪನಿಯ ಮೇಲೆ ಹಾಕಿದ ದಾವೆ 1988ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟಿನಲ್ಲಿ ಬಿದ್ದುಹೋಯಿತು. ಕರಾಟೆ ಎಂದ ಮೇಲೆ ಒದೆತ, ಹೊಡೆತ, ತೀರ್ಪುಗಾರ ಇದ್ದದ್ದೇ ಎಂಬುದು ಅಲ್ಲಿನ ತರ್ಕ. 2012ರ ಟೆಟ್ರಿಸ್ ಪ್ರಕರಣದಲ್ಲಿ ತೀರ್ಪು ಎದುರು ದಿಕ್ಕಿಗೆ ಹೋಯಿತು. ತುಂಡುಗಳ ಆಕಾರ, ಅಂಕಣದ ಅಳತೆ, ಬೀಳುವ ಬಗೆ ಎಲ್ಲವನ್ನೂ ಹಾಗೇ ಎತ್ತಿಕೊಂಡಿದ್ದ ಕ್ಸಿಯೊ ಎಂಬ ಕಂಪನಿ ಸೋತಿತು. ಕಮೋಡೋರ್ 64ರಲ್ಲೇ ಬೇಕೆಂದರೆ 1987ರ ಗ್ರೇಟ್ ಜಿಯಾನಾ ಸಿಸ್ಟರ್ಸ್ ನೋಡಿ. ಹೆಸರು, ಚಿತ್ರ ಬೇರೆ, ಮೊದಲ ಹಂತದ ನಕ್ಷೆ ಮಾರಿಯೋದ್ದೇ. ನಿಂಟೆಂಡೊ ಒತ್ತಡ ತಂದಿತು, ಆಟ ಅಂಗಡಿಯಿಂದ ಹೋಯಿತು.

ಪ್ರಶ್ನೆ: ಹಕ್ಕುದಾರ ಕಂಪನಿ ಇ-ಮೇಲ್‌ನಲ್ಲಿ ‘ಸರಿ, ಮಾಡಿ’ ಎಂದಿದೆ. ಪತ್ರದಲ್ಲಿ ಏನೇನು ಬರೆಸಿಕೊಳ್ಳಬೇಕು? (ಶಿವಮೊಗ್ಗ)

ಉತ್ತರ: ಯಂತ್ರದ ಹೆಸರು, ಮಾಧ್ಯಮದ ಹೆಸರು. ಇವೆರಡರಲ್ಲೇ ಹೆಚ್ಚಿನ ಜಗಳ ಹುಟ್ಟುವುದು. ಟೆಟ್ರಿಸ್‌ನ ಕಂಪ್ಯೂಟರ್ ಹಕ್ಕು ಪಡೆದಿದ್ದ ರಾಬರ್ಟ್ ಸ್ಟೈನ್ ಅವರಿಂದ ಸೋವಿಯತ್ ಸಂಸ್ಥೆ ಎಲೋರ್ಗ್ 1989ರಲ್ಲಿ ಒಂದು ತಿದ್ದುಪಡಿಗೆ ಸಹಿ ಹಾಕಿಸಿಕೊಂಡಿತು. ಕಂಪ್ಯೂಟರ್ ಎಂದರೆ ಪ್ರೊಸೆಸರ್, ಮಾನಿಟರ್, ಡಿಸ್ಕ್ ಡ್ರೈವ್, ಕೀಬೋರ್ಡ್, ಆಪರೇಟಿಂಗ್ ಸಿಸ್ಟಂ ಇರುವಂಥದ್ದು ಎಂಬ ಒಂದು ವಾಕ್ಯ ಅದರಲ್ಲಿತ್ತು. ಆ ಒಂದೇ ವಾಕ್ಯಕ್ಕೆ ಟಿವಿಗೆ ಜೋಡಿಸುವ ಗೇಮ್ ಯಂತ್ರಗಳೆಲ್ಲ ಹೊರಗೆ ಬಿದ್ದವು. ಆ ಹಕ್ಕು ನಿಂಟೆಂಡೊ ಪಾಲಾಯಿತು. ತಮಗೂ ಹಕ್ಕಿದೆ ಎಂದು ನಂಬಿದ್ದ ಆಟದ ಕಂಪನಿ ಟೆಂಗೆನ್‌ನ ಕಾರ್ಟ್ರಿಡ್ಜ್‌ಗಳ ಮಾರಾಟವನ್ನು ಕೋರ್ಟು ಅದೇ ವರ್ಷ ಜೂನ್‌ನಲ್ಲಿ ನಿಲ್ಲಿಸಿತು.

ನಿಮ್ಮ ಪತ್ರದಲ್ಲಿ ‘ಹಳೆಯ ಕಂಪ್ಯೂಟರುಗಳು’ ಎಂದು ಬರೆಸಬೇಡಿ. ಕಮೋಡೋರ್ 64 ಎಂದೇ ಇರಲಿ. ಕ್ಯಾಸೆಟ್, ಡಿಸ್ಕ್, ಕಾರ್ಟ್ರಿಡ್ಜ್, ಡೌನ್‌ಲೋಡ್ ಫೈಲ್ ಎಂದು ಒಂದೊಂದನ್ನೂ ಹೆಸರಿಸಿ. ಎಮ್ಯುಲೇಟರ್‌ನಲ್ಲಿ (ಹಳೆ ಯಂತ್ರವನ್ನು ಅನುಕರಿಸುವ ಪ್ರೋಗ್ರಾಂ) ಓಡಿಸಲು ಫೈಲ್ ಕೊಡಬಹುದೇ ಎಂಬುದನ್ನು ಬೇರೆಯಾಗಿ ಬರೆಸಿ, ಕೊಳ್ಳುವವರಲ್ಲಿ ಬಹಳ ಮಂದಿಯ ಹತ್ತಿರ ಅಸಲಿ ಯಂತ್ರ ಇರುವುದಿಲ್ಲ.

ಭಾರತದ ಕಾಪಿರೈಟ್ ಕಾಯ್ದೆ ಅನ್ವಯವಾಗುವ ಕರಾರಾದರೆ 19ನೇ ಮತ್ತು 30ಎ ಕಲಮುಗಳನ್ನು ಓದಿಕೊಳ್ಳಿ. ಅವಧಿ ಬರೆಯದಿದ್ದರೆ ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಬೇರೆ ಮಾತಿಲ್ಲದಿದ್ದರೆ, ಒಂದು ವರ್ಷ ಬಳಸದೆ ಇಟ್ಟ ಹಕ್ಕು ಬಿದ್ದುಹೋಗುತ್ತದೆ. ಬಿಡುವಿನ ವೇಳೆಯಲ್ಲಿ ಮೂರು ವರ್ಷ ಪೋರ್ಟ್ ಬರೆಯುವವರಿಗೆ ಈ ಕೊನೆಯದು ದೊಡ್ಡ ಗುಂಡಿ. ವಿದೇಶಿ ಕಂಪನಿ ತನ್ನ ದೇಶದ ಕಾನೂನನ್ನೇ ಹಾಕಿಸುವುದು ವಾಡಿಕೆ. ಆಗಲೂ ಈ ಮೂರು ಸಂಗತಿ ಪತ್ರದಲ್ಲಿ ಬಾಯಿಬಿಟ್ಟು ಹೇಳಿರಲಿ. ಹೊಸ ಕೋಡ್ ಯಾರದು, ಪ್ರತಿಗಳೆಷ್ಟು, ಅವಧಿ ಮುಗಿದಾಗ ಉಳಿದ ಮಾಲನ್ನು ಮಾರಲು ಎಷ್ಟು ತಿಂಗಳು ಎಂಬುದೂ ಸೇರಲಿ. ಸಹಿಗೆ ಮುಂಚೆ ಒಮ್ಮೆ ವಕೀಲರಿಗೆ ತೋರಿಸಿ.

ಪ್ರಶ್ನೆ: ಅಭ್ಯಾಸಕ್ಕೆಂದು ಪ್ಯಾಕ್‌ಮ್ಯಾನ್ ಥರದ ಜಟಿಲದ ಆಟವನ್ನು ಕಮೋಡೋರ್ 64ಕ್ಕೆ ಬರೆಯುತ್ತಿದ್ದೇನೆ. ಜಟಿಲ ತೆರೆಯಲ್ಲಿ ಹಿಡಿಸುತ್ತಿಲ್ಲ. ಆಟವೂ ನಿಧಾನ. (ಹುಬ್ಬಳ್ಳಿ)

ಉತ್ತರ: ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಆಟ ಸಿಗದು. ಮನೆಯಲ್ಲೇ ಇಟ್ಟುಕೊಳ್ಳಿ, ಹೊರಗೆ ಹಂಚಬೇಡಿ. ಆರ್ಕೇಡ್‌ನ (ನಾಣ್ಯ ಹಾಕಿ ಆಡುವ ಮೂಲ ಯಂತ್ರದ) ತೆರೆ ಉದ್ದುದ್ದ ನಿಂತದ್ದು, 224 × 288 ಪಿಕ್ಸೆಲ್. ಜಟಿಲದಲ್ಲಿ 28 ಅಂಕಣ, 31 ಸಾಲು, ಪ್ರತಿ ಮನೆ (ಚೌಕ) 8 × 8 ಪಿಕ್ಸೆಲ್. ಕಮೋಡೋರ್ 64ರ ತೆರೆಯಲ್ಲಿ 8 × 8 ಪಿಕ್ಸೆಲ್ ಅಳತೆಯ ಅಕ್ಷರಗಳ 40 ಅಂಕಣ, 25 ಸಾಲು. ಅಗಲದಲ್ಲಿ 12 ಅಂಕಣ ಮಿಕ್ಕುತ್ತದೆ, ಅಂಕಗಳನ್ನು ಅಲ್ಲಿಗೆ ತಳ್ಳಿ. ಎತ್ತರದಲ್ಲಿ ಆರು ಸಾಲು ಕಡಿಮೆ.

ಮೇಲೆ ಕೆಳಗೆ ಸ್ಕ್ರೋಲ್ ಮಾಡಬಹುದು, ಆದರೆ ಭೂತಗಳು ಎಲ್ಲಿವೆ ಎಂದು ಒಂದೇ ನೋಟಕ್ಕೆ ಕಾಣದಿದ್ದರೆ ಈ ಆಟದ ಜೀವವೇ ಹೋಯಿತು. ಮನೆಯ ಎತ್ತರವನ್ನು 8ರಿಂದ 6 ಪಿಕ್ಸೆಲ್‌ಗೆ ಇಳಿಸಿ. 31 × 6 = 186, ತೆರೆಯ 200ರೊಳಗೆ ಕೂತಿತು. ಈಗ ಜಟಿಲದ ನಾಲ್ಕು ಸಾಲು ಸೇರಿ ಅಕ್ಷರದ ಮೂರು ಸಾಲಾಗುತ್ತದೆ, ಎರಡೂ 24 ಪಿಕ್ಸೆಲ್. ಚುಕ್ಕಿಯ ಎತ್ತರ ಎರಡು ಪಿಕ್ಸೆಲ್. ಅದನ್ನು ಮನೆಯ ಸರಿಯಾಗಿ ನಡುವೆ ಇಡಿ, ಮೇಲಿಂದ ಎರಡು ಗೆರೆ ಬಿಟ್ಟು. ಆಗ ನಾಲ್ಕು ಸಾಲಿನ ಚುಕ್ಕಿಗಳು ಬೀಳುವ ಗೆರೆಗಳು 2-3, 8-9, 14-15, 20-21. ಅಕ್ಷರಗಳ ಗಡಿ ಇರುವುದು 8 ಮತ್ತು 16ರಲ್ಲಿ. ಯಾವ ಚುಕ್ಕಿಯೂ ಎರಡು ಅಕ್ಷರಗಳಿಗೆ ಹರಿದು ಹಂಚಿಹೋಗುವುದಿಲ್ಲ! ನಡುವಿನ ಅಕ್ಷರದಲ್ಲಿ ಮಾತ್ರ ಎರಡು ಚುಕ್ಕಿ. ಅದಕ್ಕೆ ಎರಡೂ ಇರುವ, ಮೇಲಿನದು ಮಾತ್ರ, ಕೆಳಗಿನದು ಮಾತ್ರ, ಏನೂ ಇಲ್ಲದ ನಾಲ್ಕು ರೂಪ ಬರೆದಿಡಿ. ಚುಕ್ಕಿ ತಿಂದಾಗ ತೆರೆಯ ಮೆಮೊರಿಯಲ್ಲಿ ಒಂದು ಬೈಟ್ ಬದಲಿಸಿದರೆ ಮುಗಿಯಿತು. ದೊಡ್ಡ ಗುಳಿಗೆಗಳು ಗಡಿ ದಾಟಬಹುದು, ಇರುವುದು ನಾಲ್ಕೇ, ಅವಕ್ಕೆ ಬೇರೆ ಅಕ್ಷರ ಕೊಡಿ.

ಆದರೆ ಆಟದ ಲೆಕ್ಕಾಚಾರವನ್ನು ಕುಗ್ಗಿಸಬೇಡಿ. ಪಾತ್ರಗಳ ಸ್ಥಾನ ಆರ್ಕೇಡ್‌ನ ಅಳತೆಯಲ್ಲೇ ಉಳಿಯಲಿ, ತೆರೆಗೆ ಇಳಿಸುವಾಗ ಮಾತ್ರ ಎತ್ತರವನ್ನು ಮುಕ್ಕಾಲು ಮಾಡಿ. 256 ಬೈಟಿನ ಒಂದು ಕೋಷ್ಟಕ ಸಾಕು. ಭೂತಗಳು ಎಲ್ಲಿ ತಿರುಗಬೇಕೆಂದು ಮನೆಮನೆಗೂ ನಿರ್ಧರಿಸುತ್ತವೆ, ಆಟಗಾರರು ದಾರಿಯನ್ನು ಬಾಯಿಪಾಠ ಮಾಡಿರುತ್ತಾರೆ. ಒಂದು ಪಿಕ್ಸೆಲ್ ಆಚೀಚೆಯಾದರೂ ಆ ಪಾಠ ಕೆಡುತ್ತದೆ.

ನಿಧಾನಕ್ಕೆ ಕಾರಣ ನಿಮ್ಮ ಕೋಡ್ ಅಲ್ಲ, ಟಿವಿ. ಆರ್ಕೇಡ್ ಸೆಕೆಂಡಿಗೆ ಸುಮಾರು 60.6 ಫ್ರೇಮ್ ಓಡುತ್ತದೆ, ಪಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಯಂತ್ರ 50.1. ವೇಗವನ್ನು 1.2ರಿಂದ ಗುಣಿಸುವುದು ಸುಲಭದ ದಾರಿಯಂತೆ ಕಾಣುತ್ತದೆ, ಆದರೆ ಭಿನ್ನರಾಶಿಯಿಂದ ತಿರುವುಗಳು ತಪ್ಪುತ್ತವೆ. ನಾವು ಹೇಳುವುದು: ಪ್ರತಿ ಐದನೇ ಫ್ರೇಮಿನಲ್ಲಿ ಆಟದ ಲೆಕ್ಕವನ್ನು ಎರಡು ಸಲ ಓಡಿಸಿ. ಐದು ಫ್ರೇಮಿಗೆ ಆರು ಹೆಜ್ಜೆ, ಸೆಕೆಂಡಿಗೆ ಸುಮಾರು 60.1. ವ್ಯತ್ಯಾಸ ಶೇಕಡ ಒಂದಕ್ಕಿಂತ ಕಡಿಮೆ. ಪಾಲ್ ಫ್ರೇಮಿನಲ್ಲಿ 312 ಗೆರೆ, ಗೆರೆಗೆ 63 ಸೈಕಲ್ (ಪ್ರೊಸೆಸರ್ ಗಡಿಯಾರದ ಬಡಿತ), ಒಟ್ಟು 19,656. ಅಕ್ಷರ ಓದಲು ವಿಕ್ ಚಿಪ್ (ತೆರೆಯ ಚಿತ್ರ ಮೂಡಿಸುವ ಚಿಪ್) ಸಾವಿರಕ್ಕೂ ಹೆಚ್ಚು ಕಸಿಯುತ್ತದೆ. ಉಳಿದದ್ದರಲ್ಲಿ ಎರಡು ಹೆಜ್ಜೆಯ ಲೆಕ್ಕ ಹಿಡಿಸಬೇಕು.

ಭೂತಗಳಿಗೆ ಮಲ್ಟಿಕಲರ್ ಸ್ಪ್ರೈಟ್ (ಹಿನ್ನೆಲೆಯ ಮೇಲೆ ಬೇರೆಯಾಗಿ ಚಲಿಸುವ ಚಿತ್ರ) ಹೇಳಿ ಮಾಡಿಸಿದಂತಿದೆ. ಪ್ರತಿ ಸ್ಪ್ರೈಟ್‌ಗೆ ಸ್ವಂತ ಬಣ್ಣ ಒಂದು, ಎಲ್ಲಕ್ಕೂ ಸಾಮಾನ್ಯ ಬಣ್ಣ ಎರಡು. ಸಾಮಾನ್ಯ ಬಣ್ಣಗಳನ್ನು 53285 ಮತ್ತು 53286ರಲ್ಲಿ ಬಿಳಿ, ನೀಲಿ ಮಾಡಿ: ಕಣ್ಣು ಬಿಳಿ, ಕಣ್ಣುಗುಡ್ಡೆ ನೀಲಿ, ಮೈ ಸ್ವಂತ ಬಣ್ಣ. ಹೆದರಿದ ಭೂತಕ್ಕೆ ಎರಡು ಚಿತ್ರ ಬೇಕು. ಮೈ ನೀಲಿಯಾದಾಗ ಬಿಳಿ ಮುಖ, ಮೈ ಬಿಳಿಯಾಗಿ ಮಿನುಗುವಾಗ ನೀಲಿ ಮುಖ. ಒಂದೇ ಚಿತ್ರ ಇಟ್ಟರೆ ಮಿನುಗುವಾಗ ಮುಖವೇ ಮಾಯ.

ಪ್ರಶ್ನೆ: 4096ನೇ ವಿಳಾಸದಲ್ಲಿ ಸ್ಪ್ರೈಟ್ ಚಿತ್ರ ಇಟ್ಟರೆ ತೆರೆಯಲ್ಲಿ ಅಕ್ಷರದ ಚೂರುಗಳು ಕಾಣುತ್ತವೆ. ರಿಸ್ಟೋರ್ ಕೀ ಒತ್ತಿದರೆ ಯಂತ್ರ ಸ್ತಬ್ಧ. (ಉಡುಪಿ)

ಉತ್ತರ: ವಿಕ್ ಚಿಪ್‌ಗೆ ಒಮ್ಮೆಗೆ 16 ಕೆಬಿ ಮಾತ್ರ ಕಾಣುತ್ತದೆ. ಆ ತುಂಡೇ ಒಂದು ಬ್ಯಾಂಕ್. ಮೊದಲ ಬ್ಯಾಂಕಿನಲ್ಲಿ 4096ರಿಂದ 8191ರವರೆಗೆ ಅದಕ್ಕೆ ಕಾಣುವುದು ರ‍್ಯಾಮ್ ಅಲ್ಲ, ಅಕ್ಷರಗಳ ರೋಮ್. ಮೂರನೇ ಬ್ಯಾಂಕಿನಲ್ಲೂ ಇದೇ ಕತೆ. ಎರಡನೇ ಅಥವಾ ನಾಲ್ಕನೇ ಬ್ಯಾಂಕಿಗೆ ಹೋಗಿ. 56576ರ ಕೊನೆಯ ಎರಡು ಬಿಟ್‌ಗಳು 10 ಆದರೆ ಎರಡನೆಯದು, 00 ಆದರೆ ನಾಲ್ಕನೆಯದು.

ರಿಸ್ಟೋರ್ ಸಮಸ್ಯೆ ಬರುವುದು ವಿಳಾಸ 1ಕ್ಕೆ 53 ಬರೆದು ಬೇಸಿಕ್, ಕರ್ನಲ್ (ಯಂತ್ರದೊಳಗಿನ ಮೂಲ ಪ್ರೋಗ್ರಾಂಗಳು) ಎರಡನ್ನೂ ಮರೆಮಾಡಿದಾಗ. ಆ ಕೀ ತಡೆಯಲಾಗದ ಇಂಟರಪ್ಟ್ (ಪ್ರೊಸೆಸರ್ ಕೆಲಸವನ್ನು ನಡುವೆ ನಿಲ್ಲಿಸುವ ಸಂಕೇತ) ಎಬ್ಬಿಸುತ್ತದೆ. ಪ್ರೊಸೆಸರ್ 65530-65531ರಲ್ಲಿ ವಿಳಾಸ ಹುಡುಕುತ್ತದೆ. ಅಲ್ಲಿ ಈಗ ಕರ್ನಲ್ ಇಲ್ಲ, ಖಾಲಿ ರ‍್ಯಾಮ್ ಇದೆ. ಎಲ್ಲಾದರೂ 64 ಎಂಬ ಒಂದೇ ಬೈಟ್ ಇಟ್ಟು (ಇಂಟರಪ್ಟ್‌ನಿಂದ ಹಿಂದಿರುಗುವ ಆಜ್ಞೆ) ಅದರ ವಿಳಾಸವನ್ನು 65530-65531ರಲ್ಲಿ ಬರೆಯಿರಿ. ನಿಮ್ಮ ಮಾಮೂಲಿ ಇಂಟರಪ್ಟ್‌ನ ವಿಳಾಸ 65534-65535ಕ್ಕೆ. ಇದನ್ನೆಲ್ಲ ಮಾಡುವ ಮುಂಚೆ ಇಂಟರಪ್ಟ್ ತಡೆದು, 56333ಕ್ಕೆ 127 ಬರೆದು ಟೈಮರ್ ನಿಲ್ಲಿಸಿ.

ಪ್ರಶ್ನೆ: ಅಣ್ಣ ಅಮೆರಿಕದಿಂದ ಕಮೋಡೋರ್ 64 ತಂದುಕೊಟ್ಟಿದ್ದಾನೆ. ಪಾಲ್‌ಗೆ ಬರೆದ ಆಟ ಅದರಲ್ಲಿ ಮಿನುಗುತ್ತದೆ. (ಬೆಂಗಳೂರು)

ಉತ್ತರ: ಅದು ಎನ್‌ಟಿಎಸ್‌ಸಿ ಯಂತ್ರ. ಅಮೆರಿಕದ ಟಿವಿ ಪದ್ಧತಿಗೆ ಮಾಡಿದ್ದು. ಫ್ರೇಮಿಗೆ 263 ಗೆರೆ, ಗೆರೆಗೆ 65 ಸೈಕಲ್, ಒಟ್ಟು 17,095. ಪಾಲ್‌ಗಿಂತ 2,561 ಕಡಿಮೆ, ಅಷ್ಟರಲ್ಲಿ ನಿಮ್ಮ ಕೆಲಸ ಮುಗಿಯುತ್ತಿಲ್ಲ. ಆಟ ಶುರುವಾದಾಗ 53265ರ ಮೇಲಿನ ಬಿಟ್ 1 ಇರುವಷ್ಟು ಹೊತ್ತು 53266ರಲ್ಲಿ ಬರುವ ಅತಿ ದೊಡ್ಡ ಸಂಖ್ಯೆ ನೋಡಿ. 55 ಬಂದರೆ ಪಾಲ್, 6ರ ಆಸುಪಾಸು ಇದ್ದರೆ ಎನ್‌ಟಿಎಸ್‌ಸಿ. ಎನ್‌ಟಿಎಸ್‌ಸಿಯಲ್ಲಿ ಐದನೇ ಫ್ರೇಮಿನ ಹೆಚ್ಚುವರಿ ಹೆಜ್ಜೆ ಬೇಡ.

ಅದರ ಅಡಾಪ್ಟರ್ 120 ವೋಲ್ಟಿನದು, ನೇರ ನಮ್ಮ ಪ್ಲಗ್ಗಿಗೆ ಹಾಕಬೇಡಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಯಂತ್ರಕ್ಕೆ ಜೋಡಿಸುವ ಮುಂಚೆ ಮಲ್ಟಿಮೀಟರ್‌ನಲ್ಲಿ 2 ಮತ್ತು 5ನೇ ಪಿನ್ ನಡುವೆ ಅಳೆಯಿರಿ, 5 ವೋಲ್ಟ್ ಡಿಸಿ ಇರಬೇಕು. 5.25 ದಾಟಿದರೆ ಆ ಅಡಾಪ್ಟರ್ ಬಳಸಲೇಬೇಡಿ. ಹಳೆಯ ಅಡಾಪ್ಟರ್‌ನ ರೆಗ್ಯುಲೇಟರ್ ಕೆಟ್ಟಾಗ ವೋಲ್ಟೇಜ್ ಏರುತ್ತದೆ, ಮೊದಲು ಸಾಯುವುದು ರ‍್ಯಾಮ್ ಚಿಪ್‌ಗಳು.

ಪ್ರಶ್ನೆ: ಮನೆಯಲ್ಲಿ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಇದೆ. ಇದೇ ಪೋರ್ಟ್ ಅದಕ್ಕೂ ಆದೀತೇ? (ಬೆಳಗಾವಿ)

ಉತ್ತರ: ಡೆಸಿಬೆಲ್ಸ್ ಕಂಪನಿ 1988ರಲ್ಲಿ ಲೈಸೆನ್ಸ್ ಪಡೆದು ಭಾರತಕ್ಕೆ ತಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಪ್ಲಸ್ ಅದು. ಪತ್ರದಲ್ಲಿ ಸ್ಪೆಕ್ಟ್ರಮ್ ಹೆಸರು ಇಲ್ಲದಿದ್ದರೆ ಮೊದಲು ಸೇರಿಸಿಕೊಳ್ಳಿ. ಕೋಡ್ ಪೂರ್ತಿ ಹೊಸದು, ಪ್ರೊಸೆಸರ್ ಜೆಡ್80, ಸ್ಪ್ರೈಟ್ ಚಿಪ್ ಇಲ್ಲ. ತೆರೆ 192 ಗೆರೆ, 186 ಅದರಲ್ಲೂ ಹಿಡಿಸುತ್ತದೆ. ಇಡೀ ಚಿತ್ರವನ್ನು ಪ್ರತಿ ಫ್ರೇಮ್ ನಕಲು ಮಾಡುವ ಆಸೆ ಬಿಡಿ. 6,144 ಬೈಟ್, ಎಲ್‌ಡಿಐಆರ್ ಎಂಬ ನಕಲಿನ ಆಜ್ಞೆಗೆ ಬೈಟಿಗೆ 21 ಟಿಕ್, ಒಟ್ಟು 1,29,024. ಫ್ರೇಮಿಗೆ ಸಿಗುವುದು 69,888. ಬದಲಾದ ಮನೆಗಳನ್ನಷ್ಟೇ ಬರೆಯಿರಿ. 8 × 8ಕ್ಕೆ ಎರಡೇ ಬಣ್ಣವಾದ್ದರಿಂದ ಭೂತ ಗೋಡೆಯ ಪಕ್ಕ ಬಂದಾಗ ಗೋಡೆಯ ಬಣ್ಣವೂ ಬದಲಾಗುತ್ತದೆ. ಭೂತ, ಗೋಡೆ ಎರಡನ್ನೂ ಒಂದೇ ಬಣ್ಣದಲ್ಲಿಟ್ಟು ಭೂತಗಳನ್ನು ಆಕಾರದಿಂದ ಗುರುತಿಸುವಂತೆ ಮಾಡುವುದು ಹೆಚ್ಚು ಚೊಕ್ಕ.

ಪ್ರಶ್ನೆ: 16 ಕೆಬಿ ಕಾರ್ಟ್ರಿಡ್ಜ್ ಮಾಡಿದೆ. ಒಮ್ಮೊಮ್ಮೆ ಬೇಸಿಕ್ ತೆರೆ ಬರುತ್ತದೆ, ಒಮ್ಮೊಮ್ಮೆ ಆಟ ಅರ್ಧಕ್ಕೆ ನಿಲ್ಲುತ್ತದೆ. (ತುಮಕೂರು)

ಉತ್ತರ: ಬೇಸಿಕ್ ತೆರೆ ಬಂದರೆ ಯಂತ್ರ ನಿಮ್ಮ ಕಾರ್ಟ್ರಿಡ್ಜನ್ನು ಗುರುತಿಸಲಿಲ್ಲ. 32772ರಿಂದ ಐದು ಬೈಟ್ 195, 194, 205, 56, 48 ಇರಲೇಬೇಕು, ಆಟ ಶುರುವಾಗುವ ವಿಳಾಸ 32768-32769ರಲ್ಲಿ. ಬೈಟ್ ಸರಿಯಿದ್ದೂ ಒಮ್ಮೊಮ್ಮೆ ಮಾತ್ರ ಹೀಗಾದರೆ ಅಂಚಿನ ತಾಮ್ರದ ಪಟ್ಟಿಗಳನ್ನು ಐಸೊಪ್ರೊಪಿಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಆಟ ನಿಲ್ಲುವುದಾದರೆ ಗೇಮ್ ಮತ್ತು ಎಕ್ಸ್‌ರೋಮ್ ಎಂಬ ಎರಡೂ ತಂತಿ ಗ್ರೌಂಡಿಗೆ ಇಳಿದಿವೆಯೇ ನೋಡಿ. ಗೇಮ್ ಬಿಟ್ಟುಹೋಗಿದ್ದರೆ ಮೇಲಿನ 8 ಕೆಬಿ ಜಾಗದಲ್ಲಿ ಬೇಸಿಕ್ ರೋಮ್ ಕೂತಿರುತ್ತದೆ. ಅದೂ ಸರಿಯಿದ್ದರೆ, ಕಾರ್ಟ್ರಿಡ್ಜ್‌ನೊಳಗಿಂದಲೇ ಓಡುತ್ತಾ ವಿಳಾಸ 1ಕ್ಕೆ 53 ಬರೆಯುತ್ತಿದ್ದೀರಿ. ಆ ಕ್ಷಣಕ್ಕೆ ಕಾರ್ಟ್ರಿಡ್ಜ್ ಕಣ್ಮರೆಯಾಗಿ, ಕಾಲ ಕೆಳಗಿನ ನೆಲವೇ ಹೋಗುತ್ತದೆ. ಆಟವನ್ನು ಮೊದಲು ರ‍್ಯಾಮ್‌ಗೆ ಬಿಚ್ಚಿ, ಅಲ್ಲಿಗೆ ಹಾರಿದ ಮೇಲೆ 53 ಬರೆಯಿರಿ. 27ಸಿ128 ಇಪ್ರಾಮ್ (ಬೆಳಕಿನಿಂದ ಅಳಿಸಿ ಮತ್ತೆ ಬರೆಯಬಹುದಾದ ಚಿಪ್) ಬಳಸಿದ್ದರೆ ಗಾಜಿನ ಕಿಂಡಿಯ ಮೇಲೆ ಬೆಳಕು ತೂರದ ಸ್ಟಿಕ್ಕರ್ ಅಂಟಿಸಿ. ಬಿಸಿಲಿಗೆ ಬಿಟ್ಟರೆ ಬರೆದದ್ದು ಅಳಿಸಿಹೋಗುತ್ತದೆ.