ಮಾಡಿನ ಚೂರಿ, ಜೀಪಿನ ಚೂರಿ

ಪತ್ರ: "ಪೊಲೀಸರ ಮುಂದೆ ಕೊಲೆ ಒಪ್ಪಿಕೊಂಡವನನ್ನೇ ಕೋರ್ಟು ಬಿಟ್ಟಿತು. ಸಾಕ್ಷಿಯೂ ತಿರುಗಿಬಿದ್ದನಂತೆ. ಬಾಯಿಬಿಟ್ಟು ಹೇಳಿದ್ದಕ್ಕಿಂತ ದೊಡ್ಡ ಪುರಾವೆ ಬೇಕೇ?" – ನಿವೃತ್ತ ಮಾಸ್ತರರೊಬ್ಬರು, ಬದಿಯಡ್ಕ (ಕೇರಳದ ಕಾಸರಗೋಡು ಜಿಲ್ಲೆ)

ಉತ್ತರ: ಮಾಸ್ತರರೇ, ಮಗನನ್ನು ಕಳೆದುಕೊಂಡ ಮನೆಯವರ ಮುಂದೆ ಕಾನೂನು ಹೇಳುವ ಧೈರ್ಯ ನನಗೂ ಇಲ್ಲ. ಆದರೆ ಅವನು ಬಾಯಿಬಿಟ್ಟದ್ದು ಎಲ್ಲಿ? ಠಾಣೆಯಲ್ಲಿ ಅಲ್ವಾ? ಮಕ್ಕಳಿಗೆ ಅಷ್ಟು ವರ್ಷ ಪಾಠ ಹೇಳಿದವರು ನೀವು. ಬೆತ್ತ ಕಂಡ ಹುಡುಗ ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾನೆ ಎಂಬುದು ನಿಮಗೆ ಗೊತ್ತಿರಲೇಬೇಕು.

ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಬಾರದು ಎಂದು 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಅದೇ ಇದೆ. ಒಪ್ಪಿಕೊಳ್ಳುವವನು ಮಜಿಸ್ಟ್ರೇಟರ ಮುಂದೆ ಒಪ್ಪಿಕೊಳ್ಳಬೇಕು. ಅವರು ಮೊದಲೇ, "ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ಮೇಲೆಯೇ ಬರಬಹುದು" ಎಂದು ತಿಳಿಸಬೇಕು. ಯೋಚಿಸಲು ಸಾಮಾನ್ಯವಾಗಿ ಕನಿಷ್ಠ 24 ಗಂಟೆಯಾದರೂ ಕೊಡಿ ಎಂದು ಸುಪ್ರೀಂ ಕೋರ್ಟು 1957ರಲ್ಲೇ ಹೇಳಿದೆ.

ಒಂದು ಕಿಂಡಿ ಮಾತ್ರ ಬಿಟ್ಟಿದ್ದಾರೆ. ಆರೋಪಿಯ ಮಾತಿನಿಂದ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತನ್ನು ಕೋರ್ಟು ತೆಗೆದುಕೊಳ್ಳಬಹುದು. ಪುಲುಕುರಿ ಕೊತ್ತಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ನಮ್ಮ ಕೊನೆಯ ಮೇಲ್ಮನವಿ ಹೋಗುತ್ತಿದ್ದ ಲಂಡನಿನ ನ್ಯಾಯಪೀಠ) 1946ರ ಕೊನೆಯಲ್ಲಿ ಇದನ್ನು ಚೂರಿಯ ಉದಾಹರಣೆಯಿಂದಲೇ ಬಿಡಿಸಿ ಹೇಳಿತು. "ಮನೆಯ ಮಾಡಿನಲ್ಲಿ (ಛಾವಣಿಯಲ್ಲಿ) ಅಡಗಿಸಿಟ್ಟ ಚೂರಿ ತೋರಿಸುತ್ತೇನೆ" ಎಂಬುದು ನಡೆಯುತ್ತದೆ. "ಅದರಲ್ಲೇ ಇರಿದೆ" ಎಂಬುದು ನಡೆಯುವುದಿಲ್ಲ.

ಹಾಗಾಗಿ ಚೂರಿ ನಿಜವಾಗಿ ಎಲ್ಲಿ ಸಿಕ್ಕಿತು ಎಂಬುದರ ಮೇಲೆಯೇ ಎಲ್ಲವೂ ನಿಂತಿರುತ್ತದೆ. ಅದಕ್ಕೆ ಮಹಜರು, ಅಂದರೆ ವಸ್ತು ಸಿಕ್ಕ ಜಾಗದಲ್ಲಿ ಪೊಲೀಸರು ಬರೆಯುವ ದಾಖಲೆ ಬೇಕು, ಮಹಜರಿಗೆ ಊರಿನವರ ಸಹಿ ಬೇಕು. ನನ್ನ ನೆರೆಯ ಅಡಿಕೆ ಕೃಷಿಕರೊಬ್ಬರು ಹಾಗೆ ಸಹಿ ಹಾಕಿದವರು. ವರ್ಷಗಳ ನಂತರ ಕೋರ್ಟಿಗೆ ಕರೆದರು. ಪಾಟೀಸವಾಲಿನಲ್ಲಿ ವಕೀಲರು, "ಇದರಲ್ಲಿ ಬರೆದದ್ದು ಓದಿದ್ದೀರಾ?" ಎಂದು ಕೇಳಿದರು. "ಮಲಯಾಳ ನನಗೆ ಓದಲು ಬರುವುದಿಲ್ಲ." "ಚೂರಿ ಎಲ್ಲಿತ್ತು?" "ನಾನು ಹೋಗುವಾಗ ಜೀಪಿನಲ್ಲಿತ್ತು." ಮರುದಿನ ಊರಿಡೀ ಅವರನ್ನು 'ತಿರುಗಿಬಿದ್ದ ಸಾಕ್ಷಿ' ಎಂದಿತು. ಅವರು ಹೇಳಿದ್ದು ಕಂಡದ್ದನ್ನು, ಅಷ್ಟೇ. ಆ ದಿನ ಸುಳ್ಳು ಹೇಳಿದ್ದು ಆ ಕಾಗದ.

ಪತ್ರಿಕೆಯವರ ತಪ್ಪೂ ಇದೆ. 'ತಪ್ಪೊಪ್ಪಿಕೊಂಡ ಹಂತಕ' ಎಂಬ ತಲೆಬರಹವನ್ನು ಹಿಂದೆ ನಾನೂ ಕೊಟ್ಟಿದ್ದೇನೆ. ಆ ಮನುಷ್ಯ ಬಿಡುಗಡೆಯಾದಾಗ ಒಳಪುಟದಲ್ಲಿ ನಾಲ್ಕು ಸಾಲು ಹಾಕಿದೆವು. ಅವನ ಮಗಳ ಮದುವೆ ಅಷ್ಟರಲ್ಲಿ ಮುರಿದಿತ್ತು. ಈಗಲೂ ನೆನಪಾದರೆ ಊಟ ಸೇರುವುದಿಲ್ಲ.

ಇನ್ನು ಭಾಷೆ. ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಸಿಗಬೇಕೆಂದು ಕೇರಳದ 1969ರ ಭಾಷಾ ಕಾಯ್ದೆಯಲ್ಲಿದೆ. 1956ರಲ್ಲಿ ರಾಜ್ಯಗಳ ವಿಂಗಡಣೆಯಾದಾಗ ಕೇರಳದ ಕಡೆ ಉಳಿದ ಕಾಸರಗೋಡಿನ ಕನ್ನಡಿಗರಾದ ನಮಗೆ ಅದು ಎಷ್ಟು ಸಿಕ್ಕಿದೆ? ಕನ್ನಡ ಶಾಲೆಗೇ ಕನ್ನಡ ಬಾರದ ಮಾಸ್ತರರು ಬಂದದ್ದನ್ನು ಕಂಡಿದ್ದೇವೆ. ಪಡಿತರ ಚೀಟಿಯ ಅರ್ಜಿ ಅರ್ಥವಾಗದಿದ್ದರೆ ಇನ್ನೊಮ್ಮೆ ಹೋಗಬಹುದು. ಮಹಜರು ಅರ್ಥವಾಗದೆ ಸಹಿ ಹಾಕಿದರೆ ಒಬ್ಬನ ಇಡೀ ಬದುಕೇ ಜೈಲಿನಲ್ಲಿ ಹೋಗಬಹುದು. "ಓದಿ, ಕನ್ನಡದಲ್ಲಿ ಹೇಳಿ, ಆಮೇಲೆ ಸಹಿ" ಎನ್ನುವ ಧೈರ್ಯ ನಮ್ಮವರಿಗೆ ಬರಬೇಕು. ಅದನ್ನು ಕಲಿಸಲು ನಿಮ್ಮಂಥವರೇ ಸರಿ.

ಒಂದು ದಿನ ಬಿಡುವು ಮಾಡಿಕೊಳ್ಳಿ. ವಿದ್ಯಾನಗರದ ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಒಂದು ಪಾಟೀಸವಾಲು ಕೇಳೋಣ. ನಾನೂ ಬರುತ್ತೇನೆ.